ಕಾದಂಬರಿಯೋ, ನಾನ್‌ಫಿಕ್ಷನ್ನೋ? ನಿಮ್ಮ ಓದಿನ ರುಚಿ ಕಂಡುಕೊಳ್ಳುವ ಬಗೆ

"ನಾನು ಕಾದಂಬರಿ ಓದಲ್ಲ, ಟೈಮ್ ವೇಸ್ಟ್." "ನನಗೆ ನಾನ್‌ಫಿಕ್ಷನ್ ಆಗಿಬರಲ್ಲ, ಪಾಠ ಓದಿದ ಹಾಗಾಗುತ್ತದೆ." ಓದುವವರು ನಾಲ್ಕು ಜನ ಸೇರಿದರೆ ಈ ಎರಡರಲ್ಲಿ ಒಂದು ಮಾತು ಬಂದೇ ಬರುತ್ತದೆ. (ನಾನ್‌ಫಿಕ್ಷನ್ ಅಂದರೆ ಕಟ್ಟುಕತೆಯಲ್ಲದ, ನಿಜ ಸಂಗತಿಗಳ ಬರಹ.) ಹೇಳುವವರು ಸುಳ್ಳೇನೂ ಹೇಳುತ್ತಿಲ್ಲ. ಆದರೆ ಅವರ ಜೊತೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿ ನೋಡಿ. ಕಾದಂಬರಿ ಬೇಡ ಅನ್ನುವವರು ಎಷ್ಟೋ ಸಲ ಅದರಲ್ಲಿ ಬರೆದಿಟ್ಟುಕೊಳ್ಳುವಂಥ ಪಾಯಿಂಟ್ ಹುಡುಕುತ್ತಾ ಓದಿರುತ್ತಾರೆ. ನಾನ್‌ಫಿಕ್ಷನ್ ಬೇಡ ಅನ್ನುವವರು ಅದನ್ನು ಮೊದಲ ಪುಟದಿಂದ ಒಂದೂ ಸಾಲು ಬಿಡದೆ, ಥೇಟ್ ಕಾದಂಬರಿ ಓದಿದ ಹಾಗೆ ಓದಲು ಹೋಗಿ, ಮೂರನೇ ಅಧ್ಯಾಯ ಬರುವಷ್ಟರಲ್ಲಿ ಸುಸ್ತಾಗಿ ಪಕ್ಕಕ್ಕೆ ಇಟ್ಟಿರುತ್ತಾರೆ. ಪುಸ್ತಕ ಸೇರದೆ ಇರುವುದಕ್ಕಿಂತ ಓದಿದ ರೀತಿ ಅದಕ್ಕೆ ಹೊಂದದೆ ಇರುವುದೇ ಜಾಸ್ತಿ.

ಹಾಗಾಗಿ ಇಲ್ಲಿ ಎರಡು ಕೆಲಸ ಇದೆ. ಮೊದಲು, ನಿಮಗೆ ನಿಜವಾಗಿ ಏನು ಇಷ್ಟ ಅಂತ ಪತ್ತೆ ಹಚ್ಚಬೇಕು. ಆಮೇಲೆ, ಇಷ್ಟವಿಲ್ಲ ಅಂದುಕೊಂಡ ಕಡೆಗೂ ಒಂದು ಸಲ ಸರಿಯಾದ ರೀತಿಯಲ್ಲಿ ಹೋಗಿ ನೋಡಬೇಕು. ಹೋಗಿ ನೋಡಿದ ಮೇಲೂ ಬೇಡ ಅನ್ನಿಸಿದರೆ ಬಿಟ್ಟುಬಿಡಿ, ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಅರ್ಧಕ್ಕೆ ಬಿಟ್ಟ ಪುಸ್ತಕಗಳಿಂದ ಶುರು ಮಾಡಿ

"ನಿಮಗೆ ಯಾವ ಥರದ ಪುಸ್ತಕ ಇಷ್ಟ?" ಅಂತ ಕೇಳಿದರೆ ನಮ್ಮ ಬಾಯಿಂದ ಬರುವುದು ನಾವು ಇಷ್ಟಪಡಬೇಕು ಅಂದುಕೊಂಡಿರುವ ಪುಸ್ತಕಗಳ ಹೆಸರು. ಇಲ್ಲಿ ಬಾಯಿಮಾತನ್ನು ನಂಬಬೇಡಿ, ಕಪಾಟನ್ನು ನೋಡಿ. ಇತ್ತೀಚೆಗೆ ಓದಿ ಮುಗಿಸಿದವು ಒಂದು ಕಡೆ, ಅರ್ಧಕ್ಕೆ ನಿಂತವು ಇನ್ನೊಂದು ಕಡೆ ಜೋಡಿಸಿ. ಫೋನಿನಲ್ಲಿ ಓದುವವರಾದರೆ ಪಟ್ಟಿ ಅಲ್ಲೇ ಇರುತ್ತದೆ, ಎಷ್ಟು ಓದಿದ್ದೀರಿ ಅಂತಲೂ ತೋರಿಸುತ್ತದೆ.

ಈಗ ಒಂದು ಹಾಳೆ ತೆಗೆದುಕೊಂಡು ಪ್ರತಿ ಪುಸ್ತಕದ ಎದುರು ಒಂದೇ ಒಂದು ಸಾಲು ಬರೆಯಿರಿ. ಯಾವ ಪ್ರಕಾರ ಅಂತ ಬರೆಯಬೇಡಿ. ಏನು ನಿಮ್ಮನ್ನು ಮುಂದಿನ ಪುಟಕ್ಕೆ ಎಳೆದುಕೊಂಡು ಹೋಯಿತು, ಅಥವಾ ಎಲ್ಲಿ ಕೈ ಬಿಟ್ಟಿತು, ಅಷ್ಟು ಸಾಕು. ಒಬ್ಬರ ಹಾಳೆ ಹೀಗಿರಬಹುದು: "ಹಡಗು ಒಡೆದವರ ನಿಜ ಕತೆ. ಬದುಕಿ ಬರುತ್ತಾರಾ ಅಂತ ತಿಳಿಯಲೇಬೇಕಿತ್ತು, ರಾತ್ರಿ ಕೂತು ಮುಗಿಸಿದೆ." "ಪ್ರೇಮದ ಕಾದಂಬರಿ. ನಾಯಕ ಏನು ಯೋಚಿಸುತ್ತಾನೆ ಅಂತ ಪುಟಗಟ್ಟಲೆ ಇದೆ, ಏನೂ ಆಗುವುದೇ ಇಲ್ಲ, ನಡುವೆ ನಿಂತಿತು." "ದುಡ್ಡಿನ ಬಗ್ಗೆ ಪುಸ್ತಕ. ಮೊದಲ ಅಧ್ಯಾಯ ಚೆನ್ನಾಗಿತ್ತು, ಆಮೇಲೆ ಅದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಾರೆ." "ಪತ್ತೇದಾರಿ ಕಾದಂಬರಿ. ಕೆಳಗಿಡಲು ಆಗಲಿಲ್ಲ."

ಈ ಹಾಳೆಯಲ್ಲಿ ಓದಿ ಮುಗಿಸಿದ್ದರಲ್ಲೂ ಎರಡೂ ಥರದವು ಇವೆ, ಬಿಟ್ಟದ್ದರಲ್ಲೂ ಎರಡೂ ಥರದವು ಇವೆ. ಈ ಓದುಗರಿಗೆ ಬೇಕಾಗಿರುವುದು ಘಟನೆ. ಏನಾದರೂ ಆಗುತ್ತಿರಬೇಕು. ಅದು ನಿಜವೋ ಕಲ್ಪನೆಯೋ ಅನ್ನುವುದು ಅವರಿಗೆ ದೊಡ್ಡ ವಿಷಯವೇ ಅಲ್ಲ. ಆದರೆ ಇಷ್ಟು ದಿನ ಅವರು "ನಾನು ನಾನ್‌ಫಿಕ್ಷನ್ ಓದುವವನು" ಅಂತ ಹೇಳಿಕೊಂಡು ಓಡಾಡಿರಬಹುದು, ಅಲ್ವಾ?

ಬೇರೆಯವರನ್ನು ಎಳೆಯುವುದು ಬೇರೆ. ಕೆಲವರಿಗೆ ಮನುಷ್ಯರು ಬೇಕು, ಒಬ್ಬ ವ್ಯಕ್ತಿಯ ಒಳಗನ್ನು ನೋಡಬೇಕು. ಅವರಿಗೆ ಒಳ್ಳೆಯ ಆತ್ಮಕಥೆಯೂ ಆಗುತ್ತದೆ, ಒಳ್ಳೆಯ ಕಾದಂಬರಿಯೂ ಆಗುತ್ತದೆ. ಕೆಲವರಿಗೆ ದನಿ ಬೇಕು. ಬರೆಯುವವರು ಎದುರಿಗೆ ಕೂತು ಮಾತಾಡುತ್ತಿದ್ದಾರೆ ಅನ್ನಿಸಿದರೆ ವಿಷಯ ಯಾವುದಾದರೂ ನಡೆಯುತ್ತದೆ, ಇಂಥವರಿಗೆ ಲಲಿತ ಪ್ರಬಂಧಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೆಲವರಿಗೆ "ಇದು ಹೇಗೆ ಕೆಲಸ ಮಾಡುತ್ತದೆ" ಅನ್ನುವ ಕುತೂಹಲ. ಇನ್ನು ಕೆಲವರಿಗೆ ವಾದ ಬೇಕು. ಒಪ್ಪಬೇಕು, ಇಲ್ಲ ಜಗಳ ಮಾಡಬೇಕು. ನಿಮ್ಮ ಹಾಳೆಯಲ್ಲಿ ಯಾವ ಮಾತು ಮತ್ತೆ ಮತ್ತೆ ಬಂದಿದೆ ಅಂತ ನೋಡಿ. ಮುಂದಿನ ಪುಸ್ತಕ ಆರಿಸುವಾಗ ಕೈಯಲ್ಲಿ ಇರಬೇಕಾದದ್ದು ಅದು.

ಒಂದು ಎಚ್ಚರಿಕೆ. ಅಕ್ಷರ ತೀರಾ ಸಣ್ಣದಾಗಿತ್ತು, ಪರೀಕ್ಷೆ ಬಂತು, ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ, ಇಂಥ ಕಾರಣಕ್ಕೆ ಬಿಟ್ಟ ಪುಸ್ತಕಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಕಪಾಟಿಗೆ ಅಂಟಿಸಿದ ಚೀಟಿಯನ್ನು ಜಾಸ್ತಿ ನಂಬಬೇಡಿ

ಫಿಕ್ಷನ್, ನಾನ್‌ಫಿಕ್ಷನ್ ಅನ್ನುವ ವಿಂಗಡಣೆ ಮುಖ್ಯವಾಗಿ ಪುಸ್ತಕ ಜೋಡಿಸುವವರಿಗೆ ಅನುಕೂಲ. ಓದುವವರಿಗೆ ಅದು ಅರ್ಧ ಮಾತ್ರ ದಾರಿ ತೋರಿಸುತ್ತದೆ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ, ಪುಸ್ತಕಗಳಿಗೆ ವಿಷಯದ ಪ್ರಕಾರ ಅಂಕಿ ಕೊಡುವ ದಶಮಾಂಶ ವರ್ಗೀಕರಣವನ್ನು ಇವತ್ತಿಗೂ ಎಷ್ಟೋ ಲೈಬ್ರರಿಗಳು ಬಳಸುತ್ತವೆ. ಅದರಲ್ಲಿ 500 ಅಂದರೆ ವಿಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಪ್ರಬಂಧಗಳು ಕತೆ, ಕವಿತೆ, ನಾಟಕಗಳ ಜೊತೆಗೇ 800ರಲ್ಲಿ ಬರುತ್ತವೆ. ಪ್ರಬಂಧದಲ್ಲಿ ಬರುವುದು ಬರೆದವರ ನಿಜ ಬದುಕೇ ಆದರೂ ಸರಿ.

ಗಡಿ ಮೊದಲಿನಿಂದಲೂ ಹೀಗೆಯೇ. 1719ರಲ್ಲಿ ರಾಬಿನ್ಸನ್ ಕ್ರೂಸೋ ಕಾದಂಬರಿ ಮೊದಲ ಸಲ ಅಚ್ಚಾದಾಗ ಅದರ ಮೇಲೆ ಅದನ್ನು ಬರೆದ ಡೇನಿಯಲ್ ಡೀಫೋ ಹೆಸರೇ ಇರಲಿಲ್ಲ, ಕ್ರೂಸೋ ತಾನೇ ಬರೆದದ್ದು ಅಂತ ಹಾಕಿದ್ದರು. ನಿಜ ವೃತ್ತಾಂತ ಅಂತಲೇ ಎಷ್ಟೋ ಜನ ಓದಿದರು. ಇತ್ತ ಸಾಹಿತ್ಯದ ನೊಬೆಲ್ ಪಟ್ಟಿ ನೋಡಿ: 1902ರಲ್ಲಿ ಇತಿಹಾಸಕಾರ ಥಿಯೋಡರ್ ಮೊಮ್‌ಸೆನ್, 1950ರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್, 2015ರಲ್ಲಿ ಸಾವಿರಾರು ಜನರ ಮಾತು ಕೇಳಿ ದಾಖಲಿಸಿದ ಸ್ವೆಟ್ಲಾನಾ ಅಲೆಕ್ಸಿಯೆವಿಚ್. ಇವರು ಯಾರೂ ಕಾದಂಬರಿಗೆ ಹೆಸರಾದವರಲ್ಲ. ನಮ್ಮ ಶಿವರಾಮ ಕಾರಂತರು ಕಾದಂಬರಿಗಳ ಸಾಲನ್ನೇ ಬರೆದರು, ಅದೇ ಕೈಯಿಂದ ಮಕ್ಕಳಿಗೆ ಬಾಲಪ್ರಪಂಚ, ದೊಡ್ಡವರಿಗೆ ವಿಜ್ಞಾನ ಪ್ರಪಂಚ ಬರೆದರು. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ 1980ರ ಕಾದಂಬರಿ, ಆದರೆ ಅದನ್ನು ಮುಗಿಸಿದವರು ಹಾರುವ ಓತಿ ನಿಜವಾಗಿ ಇದೆಯಾ ಅಂತ ಹುಡುಕಲು ಹೋಗುತ್ತಾರೆ. ಇದೆ ಕೂಡ. ಪಕ್ಕೆಲುಬುಗಳನ್ನು ಅಗಲಿಸಿ ಚರ್ಮವನ್ನು ರೆಕ್ಕೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಲ್ಲಿ ಜಾತಿಯ ಪ್ರಾಣಿ ಅದು.

ಅಮೆರಿಕದ ಲೂಯಿಸ್ ರೋಸೆನ್‌ಬ್ಲಾಟ್ ಅನ್ನುವ ವಿದ್ವಾಂಸೆ 1978ರಲ್ಲಿ ಇದನ್ನು ಇನ್ನೂ ಚೆನ್ನಾಗಿ ಬಿಡಿಸಿ ಹೇಳಿದರು. ಅವರ ಪ್ರಕಾರ ಓದಿನಲ್ಲಿ ಎರಡು ನಿಲುವುಗಳಿವೆ. ಒಂದರಲ್ಲಿ ನಿಮ್ಮ ಗಮನವೆಲ್ಲ ಓದಿದ ಮೇಲೆ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ. ಮಗು ಏನೋ ವಿಷ ಕುಡಿದಿದೆ, ತಾಯಿ ಗಾಬರಿಯಲ್ಲಿ ಬಾಟಲಿ ಮೇಲಿನ ಲೇಬಲ್ ಓದುತ್ತಿದ್ದಾಳೆ, ಇದು ಅವರೇ ಕೊಟ್ಟ ಉದಾಹರಣೆ. ಇನ್ನೊಂದರಲ್ಲಿ ಗಮನ ಓದುತ್ತಿರುವ ಆ ಹೊತ್ತಿನ ಮೇಲೆಯೇ ಇರುತ್ತದೆ, ಆ ಮಾತು, ಆ ಚಿತ್ರ, ನಿಮ್ಮೊಳಗೆ ಏಳುವ ಭಾವನೆ. ಒಂದೇ ಪುಸ್ತಕವನ್ನು ಎರಡೂ ನಿಲುವಿನಲ್ಲಿ ಓದಬಹುದು. ನಿಲುವು ಇರುವುದು ಓದುಗರಲ್ಲಿ. ಇದೊಂದು ಹೊಳೆದರೆ "ನನಗೆ ಆಗಿಬರಲ್ಲ" ಅನ್ನುವ ಮಾತು ಅರ್ಧ ಕರಗುತ್ತದೆ.

ಕಾದಂಬರಿ ಇಷ್ಟಪಡುವವರು ನಾನ್‌ಫಿಕ್ಷನ್ ಹಿಡಿಯುವಾಗ

ಮೊದಲ ಮಾತು: ಇಲ್ಲಿ ಮೊದಲ ಪುಟದಿಂದಲೇ ಶುರು ಮಾಡಬೇಕು ಅನ್ನುವ ಕಾನೂನಿಲ್ಲ. ಪರಿವಿಡಿ ತೆಗೆಯಿರಿ. ಅದನ್ನು ಸುಮ್ನೆ ಹಾರಿಸಿಬಿಡುವವರೇ ಜಾಸ್ತಿ, ಆದರೆ ಇಡೀ ಪುಸ್ತಕದ ಆಕಾರ ಕಾಣುವುದು ಅಲ್ಲಿ. ಆಮೇಲೆ ಮುನ್ನುಡಿಯ ಕೊನೆಯ ಎರಡು ಪುಟ, ಯಾಕೆಂದರೆ ಲೇಖಕರು ಯಾವ ಪ್ರಶ್ನೆ ಹಿಡಿದು ಹೊರಟಿದ್ದಾರೆ ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ. ಆಮೇಲೆ ಧೈರ್ಯವಾಗಿ ಕೊನೆಯ ಅಧ್ಯಾಯ ಓದಿ. ಕಾದಂಬರಿಯಲ್ಲಿ ಹೀಗೆ ಮಾಡಿದರೆ ಮಜಾ ಹೋಗುತ್ತದೆ. ಇಲ್ಲಿ ಹಾಗಲ್ಲ, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಿದ್ದರೆ ನಡುವಿನ ದಾರಿ ಸಲೀಸಾಗುತ್ತದೆ.

ಇಷ್ಟಾದ ಮೇಲೆ ನಿಮ್ಮದೇ ಒಂದು ಪ್ರಶ್ನೆ ಬರೆದುಕೊಳ್ಳಿ. ನಿದ್ದೆಯ ಬಗ್ಗೆ ಪುಸ್ತಕವಾದರೆ, "ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಯಾಕೆ ನಿದ್ದೆ ಬರುವುದಿಲ್ಲ?" ಅಂತ ಬರೆದುಕೊಂಡು ಆ ಉತ್ತರ ಇರುವ ಅಧ್ಯಾಯಕ್ಕೆ ನೇರ ಹೋಗಿ. ಪದಸೂಚಿ ಇದ್ದರೆ ಇನ್ನೂ ಸುಲಭ. ಪ್ರಶ್ನೆ ನಿಮ್ಮದಾಗಿದ್ದರೆ ಒಣ ಅನ್ನಿಸುವ ಪುಟದಲ್ಲೂ ಕುತೂಹಲ ಇರುತ್ತದೆ, ಪತ್ತೇದಾರಿ ಕಾದಂಬರಿಯಲ್ಲಿ ಸುಳಿವು ಹುಡುಕುವಾಗ ಇರುವ ಅದೇ ಕುತೂಹಲ.

ನಿಧಾನವಾಗುತ್ತಿದೆ ಅಂತ ಬೇಸರ ಬೇಡ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಇಂಗ್ಲಿಷ್ ಓದಿನ ವೇಗದ ಬಗೆಗಿನ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದೊಡ್ಡವರು ಮನಸ್ಸಿನಲ್ಲೇ ಓದಿಕೊಳ್ಳುವಾಗ ನಿಮಿಷಕ್ಕೆ ಫಿಕ್ಷನ್ ಸರಾಸರಿ 260 ಪದ, ನಾನ್‌ಫಿಕ್ಷನ್ 238 ಪದ. ನಾನ್‌ಫಿಕ್ಷನ್‌ನಲ್ಲಿ ಉದ್ದನೆಯ ಪದಗಳು ಜಾಸ್ತಿ ಇರುವುದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ "ಕಾದಂಬರಿ ಆದರೆ ವಾರಕ್ಕೊಂದು ಮುಗಿಸುತ್ತೇನೆ, ಇದು ಮುಗಿಯುತ್ತಲೇ ಇಲ್ಲ" ಅಂತ ಹೋಲಿಸಿಕೊಳ್ಳುವುದು ಬಿಟ್ಟುಬಿಡಿ. ಪುಟಗಳ ಗುರಿ ಇಟ್ಟುಕೊಳ್ಳಬೇಡಿ, ಒಂದು ಸಲಕ್ಕೆ ಒಂದು ಅಧ್ಯಾಯ ಸಾಕು.

ಕಾಗದವೋ ಸ್ಕ್ರೀನೋ? ಇದಕ್ಕೂ ಒಂದು ಕೆಲಸಕ್ಕೆ ಬರುವ ಉತ್ತರ ಇದೆ. 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ 54 ಅಧ್ಯಯನಗಳನ್ನು ಜೊತೆಗಿಟ್ಟು ನೋಡಿದ್ದರು, ಓದುಗರ ಸಂಖ್ಯೆ 1,70,000ಕ್ಕೂ ಮೇಲೆ. ಮಾಹಿತಿ ಇರುವ ಬರಹವನ್ನು ಕಾಗದದಲ್ಲಿ ಓದಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಬರೀ ಕತೆಯಾದರೆ ಕಾಗದಕ್ಕೂ ಸ್ಕ್ರೀನಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಅನುಕೂಲ ಇರುವವರು ಕಾದಂಬರಿಯನ್ನು ಫೋನಿಗೆ ಹಾಕಿಕೊಳ್ಳಿ, ನಾನ್‌ಫಿಕ್ಷನ್ನನ್ನು ಕಾಗದದಲ್ಲಿ ಓದಿ.

ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ಎಲ್ಲರ ದೂರು. ಅಡಿಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು, ಇವು ಆ ಕ್ಷಣಕ್ಕೆ ಸಮಾಧಾನ ಕೊಡುತ್ತವೆ, ಅಷ್ಟೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಿಟ್ಟುಕೊಳ್ಳುವಂಥದ್ದು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದು. ಇದನ್ನು ಮನೆಯಲ್ಲಿ ಮಾಡುವುದು ಸುಲಭ. ಅಧ್ಯಾಯ ಮುಗಿದ ತಕ್ಷಣ ಪುಸ್ತಕ ಮುಚ್ಚಿ, ಏನು ಓದಿದಿರಿ ಅಂತ ನಾಲ್ಕು ಸಾಲು ಬರೆಯಿರಿ, ಅಥವಾ ಪಕ್ಕದಲ್ಲಿ ಇರುವವರಿಗೆ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಮಾತ್ರ ಪುಸ್ತಕ ತೆರೆದು ನೋಡಿ.

ಯಾವುದರಿಂದ ಶುರು? ನಿಮ್ಮ ಹಾಳೆಯಲ್ಲಿ "ಮನುಷ್ಯರು" ಜಾಸ್ತಿ ಬಂದಿದ್ದರೆ ಆತ್ಮಕಥೆ, ಜೀವನಚರಿತ್ರೆ. "ಘಟನೆ" ಬಂದಿದ್ದರೆ ಪರ್ವತಾರೋಹಣ, ಯುದ್ಧ, ದೊಡ್ಡ ಅಪರಾಧ ಪ್ರಕರಣಗಳ ವರದಿ. "ದನಿ" ಬಂದಿದ್ದರೆ ಪ್ರವಾಸ ಕಥನ, ಪ್ರಬಂಧ, ಅಂಕಣ ಬರಹ. ಹಗ್ಗ ಅಲ್ಲಿಂದ ಹಿಡಿದುಕೊಂಡು ನಿಧಾನಕ್ಕೆ ವಿಜ್ಞಾನ, ಅರ್ಥಶಾಸ್ತ್ರದ ಕಡೆ ಹೋಗಬಹುದು. ಬದುಕು ಬದಲಿಸುವ ಏಳು ಸೂತ್ರ ಕೊಡುತ್ತೇವೆ ಅನ್ನುವ ಥರದ ಪುಸ್ತಕಗಳಿಂದ ಮಾತ್ರ ಶುರು ಮಾಡಬೇಡಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಅವುಗಳಲ್ಲಿ ಒಳ್ಳೆಯವು ಇವೆ, ಆದರೆ ಹತ್ತು ಪುಟದ ವಿಷಯವನ್ನು ಇನ್ನೂರು ಪುಟಕ್ಕೆ ಎಳೆದವೇ ಜಾಸ್ತಿ, ಮತ್ತು ನಾನ್‌ಫಿಕ್ಷನ್ ಅಂದರೆ ಇಷ್ಟೇ ಅಂತ ಅಂದುಕೊಂಡು ಎಷ್ಟೋ ಒಳ್ಳೆಯ ಓದುಗರು ಬಾಗಿಲಲ್ಲೇ ತಿರುಗಿ ಹೋಗುತ್ತಾರೆ.

ಮಾಹಿತಿ ಇಷ್ಟಪಡುವವರು ಕಾದಂಬರಿ ಹಿಡಿಯುವಾಗ

ಇವರ ಕಷ್ಟ ಬೇರೆ ಥರ, ಸ್ವಲ್ಪ ಆಳದ್ದು. "ಯಾರೋ ಕಟ್ಟಿ ಹೇಳಿದ್ದನ್ನು ನಾನು ಯಾಕೆ ಓದಬೇಕು, ಇದರಿಂದ ಏನು ಸಿಗುತ್ತದೆ?" ಪ್ರಶ್ನೆ ನ್ಯಾಯವಾದದ್ದೇ. ಸಿಗುವುದು ಏನು ಅಂತ ಹತ್ತಿರದಿಂದ ನೋಡೋಣ.

ಮೇಲೆ ಹೇಳಿದ ನಿದ್ದೆಯ ವಿಷಯವನ್ನೇ ತೆಗೆದುಕೊಳ್ಳಿ. ವಿಜ್ಞಾನದ ಪುಸ್ತಕ ಹೇಳುತ್ತದೆ: ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಅದು ಹೆಚ್ಚಾದಂತೆ ನಿದ್ದೆ ಎಳೆಯುತ್ತದೆ, ಕಾಫಿಯಲ್ಲಿರುವ ಕೆಫೀನ್ ಅದು ಕೂರುವ ಜಾಗದಲ್ಲಿ ತಾನು ಕೂತು ಆ ಸಂದೇಶವನ್ನು ತಡೆಯುತ್ತದೆ. ಇದು ಗೊತ್ತಾದರೆ ಸಂಜೆಯ ಕಾಫಿ ಬಿಡಬಹುದು. ಈಗ ಅದೇ ನಿದ್ದೆಗೇಡು ಕಾದಂಬರಿಯಲ್ಲಿ ಹೀಗೆ ಬರಬಹುದು: ಒಬ್ಬಳು ರಾತ್ರಿ ಮೂರಕ್ಕೆ ಎದ್ದು ಅಡುಗೆಮನೆಯ ದೀಪ ಹಾಕುತ್ತಾಳೆ, ತೊಳೆದಿಟ್ಟ ಎರಡು ಲೋಟ ಹೊರಗೆ ತೆಗೆಯುತ್ತಾಳೆ, ಸ್ವಲ್ಪ ಹೊತ್ತು ನೋಡುತ್ತಾ ನಿಂತು ಒಂದನ್ನು ಮತ್ತೆ ಒಳಗಿಡುತ್ತಾಳೆ. ಅಷ್ಟೆ. ಮನೆಯಲ್ಲಿ ಈಗ ಒಬ್ಬರು ಇಲ್ಲ ಅನ್ನುವುದನ್ನು ಲೇಖಕರು ಎಲ್ಲೂ ಬರೆದಿಲ್ಲ. ನೀವೇ ಅದನ್ನು ಕಂಡುಕೊಂಡಿರಿ. ಅಡೆನೋಸಿನ್‌ನಿಂದ ನಿದ್ದೆ ಹೇಗೆ ಬರುತ್ತದೆ ಅಂತ ತಿಳಿಯಿತು, ಲೋಟದಿಂದ ನಿದ್ದೆ ಬಾರದ ಒಬ್ಬಳ ಪಕ್ಕದಲ್ಲಿ ನಿಂತ ಹಾಗಾಯಿತು. ಎರಡೂ ತಿಳುವಳಿಕೆಯೇ.

ಹಾಗಾಗಿ ಕಾದಂಬರಿ ಓದುವಾಗ ಪೆನ್ನು ದೂರ ಇಡಿ. ಸಾರಾಂಶ ಹುಡುಕಬೇಡಿ. ಒಂದು ದೃಶ್ಯ ಓದಿ, ಅಲ್ಲಿ ಯಾರು ಏನು ಮಾಡಿದರು, ಏನು ಹೇಳದೆ ಬಿಟ್ಟರು ಅಂತ ಗಮನಿಸುತ್ತಾ ಮುಂದೆ ಹೋಗಿ. ವಿವರಗಳನ್ನು ನೋಡಿ ರೂಢಿಯಿರುವ ನಿಮಗೆ ಇದು ಬೇರೆಯವರಿಗಿಂತ ಬೇಗ ಒಲಿಯುತ್ತದೆ.

ಶುರುವಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೆಸರುಗಳಲ್ಲಿ. ದೊಡ್ಡ ಕಾದಂಬರಿಯಾದರೆ ಮೊದಲ ಅಧ್ಯಾಯದಲ್ಲೇ ಅತ್ತೆ, ಮಾವ, ಅಣ್ಣ, ಅವನ ಹೆಂಡತಿ, ಪಕ್ಕದ ಮನೆಯವರು, ಎಲ್ಲರೂ ಒಟ್ಟಿಗೆ ಬಂದುಬಿಡುತ್ತಾರೆ. ಒಂದು ಚೀಟಿಯಲ್ಲಿ ಹೆಸರು ಬರೆದು ಯಾರಿಗೆ ಯಾರು ಏನಾಗಬೇಕು ಅಂತ ಗೆರೆ ಎಳೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಅನುವಾದದ ಕಾದಂಬರಿಗಳಲ್ಲಂತೂ ಈ ಚೀಟಿ ಇಲ್ಲದಿದ್ದರೆ ಕಷ್ಟ, ರಷ್ಯನ್ ಕಾದಂಬರಿಯಲ್ಲಿ ಒಬ್ಬನೇ ಮನುಷ್ಯನನ್ನು ತಂದೆಯ ಹೆಸರು ಸೇರಿಸಿ ಒಮ್ಮೆ, ಮನೆಮಂದಿ ಕರೆಯುವ ಹೆಸರಿನಲ್ಲಿ ಇನ್ನೊಮ್ಮೆ, ಮನೆತನದ ಹೆಸರಿನಲ್ಲಿ ಮತ್ತೊಮ್ಮೆ ಕರೆಯುತ್ತಾರೆ.

ಎರಡನೆಯದು, ಮೊದಲ ಸಲ ಕೂತಾಗ ಜಾಸ್ತಿ ಹೊತ್ತು ಕೂರಿ. ನಾನ್‌ಫಿಕ್ಷನ್ನನ್ನು ದಿನಕ್ಕೆ ಹತ್ತು ಪುಟ ಓದಿದರೂ ನಡೆಯುತ್ತದೆ. ಕಾದಂಬರಿಯ ಮೊದಲ ಭಾಗವನ್ನು ಹಾಗೆ ತುಂಡು ತುಂಡಾಗಿ ಓದಿದರೆ ಪ್ರತಿದಿನ ಹೊಸಬರ ಮನೆಗೆ ಹೋದ ಹಾಗೆ, ಪರಿಚಯ ಮಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ರಜೆಯ ದಿನ ನೋಡಿ ಒಂದೇ ಸಲಕ್ಕೆ ಐವತ್ತು, ಅರವತ್ತು ಪುಟ ದಾಟಿ. ಅಲ್ಲಿಂದಾಚೆ ದಿನಕ್ಕೆ ಹದಿನೈದು ನಿಮಿಷ ಸಿಕ್ಕರೂ ಕತೆ ನಿಮ್ಮನ್ನು ನೆನಪಿಟ್ಟುಕೊಂಡು ಕರೆಯುತ್ತದೆ. ಅಷ್ಟು ಸಮಯ ಇಲ್ಲದವರು ಸಣ್ಣಕತೆಗಳಿಂದ ಶುರು ಮಾಡುವುದು ಒಳ್ಳೆಯದು, ಒಂದು ಸಲ ಕೂತರೆ ಒಂದು ಕತೆ ಮುಗಿಯುತ್ತದೆ. ಆದರೆ ಸಂಕಲನದ ಕತೆಗಳನ್ನು ಒಂದರ ಹಿಂದೆ ಒಂದು ಓದಬೇಡಿ. ದಿನಕ್ಕೆ ಒಂದು ಸಾಕು, ಇಲ್ಲದಿದ್ದರೆ ಎಲ್ಲವೂ ಕಲಸಿಹೋಗುತ್ತವೆ.

ಆರಿಸುವಾಗ ನಿಮ್ಮ ಕುತೂಹಲವನ್ನೇ ದಾರಿ ಮಾಡಿಕೊಳ್ಳಿ. ಕಾನೂನು ಇಷ್ಟವಾದರೆ ಕೋರ್ಟಿನ ಸುತ್ತ ನಡೆಯುವ ಕಾದಂಬರಿ, ವೈದ್ಯಕೀಯ ಇಷ್ಟವಾದರೆ ಆಸ್ಪತ್ರೆಯ ಒಳಗಿನದು, ಇತಿಹಾಸ ಇಷ್ಟವಾದರೆ ಐತಿಹಾಸಿಕ ಕಾದಂಬರಿ. ಒಂದು ಕಸುಬನ್ನು ಒಳಗಿನಿಂದ ಬಲ್ಲವರು ಬರೆದ ಕಾದಂಬರಿಯಲ್ಲಿ ಆ ಕಸುಬಿನ ಬಗ್ಗೆ ಎಷ್ಟು ತಿಳಿಯುತ್ತದೆ ಅಂದರೆ, ಮಾಹಿತಿ ಪ್ರಿಯರಿಗೆ ಹಬ್ಬ.

ಆದರೆ ಒಂದು ವಿಷಯದಲ್ಲಿ ಹುಷಾರು. ಕಾದಂಬರಿಯಲ್ಲಿ ಬರುವ ಮಾಹಿತಿಯನ್ನು ಹಾಗೇ ನಂಬಬೇಡಿ. ಎಲಿಜಬೆತ್ ಮಾರ್ಷ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕತೆಗಳೊಳಗೆ ಬೇಕೆಂದೇ ಕೆಲವು ತಪ್ಪು ಸಂಗತಿಗಳನ್ನು ಸೇರಿಸಿದ್ದರು. ಆಮೇಲೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿದಾಗ ಓದಿದವರು ಆ ತಪ್ಪುಗಳನ್ನೇ ಉತ್ತರವಾಗಿ ಕೊಟ್ಟರು. ಕೆಲವರು ಅದು ತಮಗೆ ಮೊದಲೇ ಗೊತ್ತಿತ್ತು ಅಂತಲೂ ಅಂದುಕೊಂಡಿದ್ದರು. ಕತೆಯಲ್ಲಿ ಮುಳುಗಿದಾಗ ತಕರಾರು ತೆಗೆಯುವ ಮನಸ್ಸು ಹಿಂದೆ ಸರಿದಿರುತ್ತದೆ, ಅದು ಸಹಜ. ಐತಿಹಾಸಿಕ ಕಾದಂಬರಿ ಓದಿ ಮುಗಿಸಿದ ಮೇಲೆ ಯಾವ ಪಾತ್ರ ನಿಜ, ಯಾವ ಪ್ರಸಂಗ ಕಲ್ಪನೆ ಅಂತ ಒಂದು ಸಲ ನೋಡಿಕೊಳ್ಳಿ. ಒಳ್ಳೆಯ ಲೇಖಕರು ಎಷ್ಟೋ ಸಲ ಕೊನೆಯಲ್ಲಿ ತಾವೇ ಹೇಳಿರುತ್ತಾರೆ.

"ಕಾದಂಬರಿ ಓದಿದರೆ ಬೇರೆಯವರ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ" ಅಂತ ಈಗ ಎಲ್ಲರೂ ಹೇಳುತ್ತಾರೆ. ಇದಕ್ಕೆ ಹೆಸರು ತಂದದ್ದು 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಡೇವಿಡ್ ಕಿಡ್ ಮತ್ತು ಇಮ್ಯಾನುಯೆಲ್ ಕಸ್ಟಾನೊ ಅವರ ಅಧ್ಯಯನ. ಗಂಭೀರ ಸಾಹಿತ್ಯದ ಕೆಲವು ಪುಟ ಓದಿದವರು, ಬರೀ ಕಣ್ಣಿನ ಫೋಟೋ ನೋಡಿ ಭಾವನೆ ಗುರುತಿಸುವಂಥ ಪರೀಕ್ಷೆಗಳಲ್ಲಿ ಮುಂದಿದ್ದರು ಅಂತ ಅದು ಹೇಳಿತು. 2016ರಲ್ಲಿ ಬೇರೆ ತಂಡದವರು ಅದನ್ನೇ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. 2018ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಪರಿಣಾಮ ಇದೆ, ಆದರೆ ಚಿಕ್ಕದು ಅಂತ ಬಂತು. ನಾನು ಹೇಳುವುದು ಇಷ್ಟೇ: ಸಹಾನುಭೂತಿ ಬೆಳೆಸಿಕೊಳ್ಳಬೇಕು ಅಂತ ಮಾತ್ರೆ ನುಂಗಿದ ಹಾಗೆ ಕಾದಂಬರಿ ಓದಬೇಡಿ. ಆ ಎರಡು ಲೋಟದ ದೃಶ್ಯ ನಿಮ್ಮನ್ನು ಒಂದು ಗಳಿಗೆ ನಿಲ್ಲಿಸಿದರೆ, ಓದಲು ಅಷ್ಟು ಕಾರಣ ಸಾಕು.

ಒಂದೇ ವಿಷಯ, ಎರಡು ಪುಸ್ತಕ

ಎರಡೂ ಕಡೆಯವರಿಗೆ ನಾನು ಕೊಡುವ ಅತ್ಯಂತ ಒಳ್ಳೆಯ ಸಲಹೆ ಇದು. ಒಂದು ವಿಷಯ ಆರಿಸಿ, ಅದರ ಮೇಲೆ ಒಂದು ಕಾದಂಬರಿ, ಒಂದು ನಾನ್‌ಫಿಕ್ಷನ್ ಜೊತೆಯಾಗಿ ಓದಿ. ಯುದ್ಧ, ಸಾಂಕ್ರಾಮಿಕ ರೋಗ, ವಲಸೆ, ಕಾಡು, ಜೈಲು, ಯಾವುದಾದರೂ ಆಗಬಹುದು. ಅಂಕಿ ಅಂಶಗಳು ಒಂದರಲ್ಲಿ, ಆ ಅಂಕಿಯೊಳಗಿನ ಒಬ್ಬ ಮನುಷ್ಯ ಇನ್ನೊಂದರಲ್ಲಿ.

ಯಾವುದು ಮೊದಲು? ವಿಷಯ ನಿಮಗೆ ತೀರಾ ಹೊಸದಾದರೆ ಕಾದಂಬರಿ ಮೊದಲು ಓದಿ. ಊರು, ಕಾಲ, ಜನ ಒಮ್ಮೆ ಕಣ್ಣಿಗೆ ಕಟ್ಟಿದರೆ ಆಮೇಲೆ ಇತಿಹಾಸದ ಪುಸ್ತಕದಲ್ಲಿ ಬರುವ ಇಸವಿಗಳು ನಿಲ್ಲಲು ಜಾಗ ಇರುತ್ತದೆ, ಮತ್ತು ಕಾದಂಬರಿ ಹೇಳಿದ್ದರಲ್ಲಿ ಯಾವುದು ನಿಜ ಅಂತ ಹುಡುಕುವ ಹಂಬಲವೇ ಎರಡನೇ ಪುಸ್ತಕವನ್ನು ಓದಿಸಿಕೊಂಡು ಹೋಗುತ್ತದೆ. ವಿಷಯ ಸ್ವಲ್ಪ ಗೊತ್ತಿದ್ದರೆ ನಾನ್‌ಫಿಕ್ಷನ್ ಮೊದಲು. ಆಗ ಕಾದಂಬರಿಕಾರರು ಏನನ್ನು ಎತ್ತಿಕೊಂಡರು, ಏನನ್ನು ಬಿಟ್ಟರು, ಎಲ್ಲಿ ಬೇಕೆಂದೇ ಬದಲಿಸಿದರು ಅಂತ ಕಾಣುತ್ತದೆ. ಆ ಬದಲಾವಣೆಗಳ ಬಗ್ಗೆ ಯೋಚಿಸಿ. ಅವರು ಒಂದು ಸಾವನ್ನು ಎರಡು ವರ್ಷ ಹಿಂದಕ್ಕೆ ತಂದಿದ್ದರೆ ಯಾಕೆ ತಂದರು?

ಎರಡರ ನಡುವೆ ಹೆಚ್ಚು ದಿನ ಬಿಡಬೇಡಿ, ಮೊದಲನೆಯದು ಮರೆಯುವುದರೊಳಗೆ ಎರಡನೆಯದು ಕೈಯಲ್ಲಿರಲಿ.

ಹೊತ್ತು ಮತ್ತು ಬಿಡುವುದು

ಒಂದೇ ಕಾಲಕ್ಕೆ ಎರಡು ಪುಸ್ತಕ ಓದಬಹುದಾ? ಖಂಡಿತ. ಒಂದು ಕಾದಂಬರಿ, ಒಂದು ನಾನ್‌ಫಿಕ್ಷನ್ ಆದರೆ ಬೆರೆತುಹೋಗುವುದಿಲ್ಲ. ಎರಡು ಕಾದಂಬರಿ ಒಟ್ಟಿಗೆ ಬೇಡ. ತಲೆ ಚುರುಕಾಗಿರುವ ಹೊತ್ತನ್ನು ನಾನ್‌ಫಿಕ್ಷನ್‌ಗೆ ಕೊಡಿ, ಅದು ಬೆಳಿಗ್ಗೆಯೋ ರಾತ್ರಿಯೋ ನಿಮಗೇ ಗೊತ್ತು. ದಿನದ ಕೆಲಸ ಮುಗಿಸಿ ಮನಸ್ಸು ದಣಿದಿದ್ದಾಗ ಕಾದಂಬರಿ.

ವರ್ಷ ಕಳೆದಂತೆ ರುಚಿ ಬದಲಾಗುತ್ತದೆ, ಅದಕ್ಕೆ ಗಾಬರಿ ಬೇಡ. ಓದಿನ ಹುಚ್ಚಿದ್ದವರಿಗೆ ದುಃಖದ ದಿನಗಳಲ್ಲಿ ಕಾದಂಬರಿ ಮುಟ್ಟಲೂ ಆಗದಿರಬಹುದು, ಆಗ ಹಕ್ಕಿಗಳ ಬಗೆಗಿನ ಒಂದು ಪುಸ್ತಕ ಕೈ ಹಿಡಿಯಬಹುದು. ಅದರ ತಿರುಗಾಮುರುಗವೂ ಆಗುತ್ತದೆ. ಆ ಹೊತ್ತಿಗೆ ಏನು ಓದಲು ಆಗುತ್ತದೋ ಅದನ್ನು ಓದಿ.

ಪುಸ್ತಕ ಬಿಡುವ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ ಇಟ್ಟುಕೊಳ್ಳಬೇಡಿ. ನಾನ್‌ಫಿಕ್ಷನ್‌ನಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕ ದಿನ ಪುಸ್ತಕ ಮುಗಿಯಿತು ಅಂತಲೇ ಲೆಕ್ಕ. ಉಳಿದ ಪುಟಗಳನ್ನು ಬಿಟ್ಟರೆ ಏನೂ ನಷ್ಟವಿಲ್ಲ. ಕಾದಂಬರಿಗೆ ಮಾತ್ರ ಐವತ್ತು ಪುಟದ ಅವಕಾಶ ಕೊಡಿ, ಯಾಕೆಂದರೆ ಕೆಲವು ಒಳ್ಳೆಯ ಕಾದಂಬರಿಗಳು ನಿಧಾನಕ್ಕೆ ಬಿಸಿಯಾಗುತ್ತವೆ. ಅಷ್ಟಾದರೂ ಒಬ್ಬ ಪಾತ್ರದ ಬಗ್ಗೆಯೂ "ಇವರಿಗೆ ಮುಂದೆ ಏನಾಗುತ್ತದೋ" ಅನ್ನಿಸದಿದ್ದರೆ ಬಿಡಿ.

ಬೇರೆಯವರಿಗೆ ಪುಸ್ತಕ ಹೇಳುವಾಗ

ನಿಮ್ಮನ್ನು ಯಾರಾದರೂ "ಏನು ಓದಲಿ?" ಅಂತ ಕೇಳಿದರೆ ನಿಮಗೆ ಇಷ್ಟವಾದದ್ದನ್ನು ಥಟ್ಟನೆ ಹೇಳಬೇಡಿ. ಫಿಕ್ಷನ್ ಇಷ್ಟವೋ ನಾನ್‌ಫಿಕ್ಷನ್ ಇಷ್ಟವೋ ಅಂತಲೂ ಕೇಳಬೇಡಿ. "ಕೊನೆಯ ಸಲ ಊಟ, ನಿದ್ದೆ ಮರೆತು ಓದಿದ್ದು ಯಾವುದು, ನೋಡಿದ್ದು ಯಾವುದು?" ಅಂತ ಕೇಳಿ. ಪುಸ್ತಕ ಇಲ್ಲದಿದ್ದರೆ ಸಿನಿಮಾ, ಸೀರಿಯಲ್, ಕ್ರಿಕೆಟ್ ಮ್ಯಾಚ್ ಹೆಸರು ಹೇಳಿದರೂ ನಡೆಯುತ್ತದೆ. ಅದರಲ್ಲಿ ಏನು ಹಿಡಿಸಿತು ಅಂತ ಎರಡು ಮಾತು ಹೇಳಲು ಬಿಟ್ಟರೆ ಘಟನೆಯೋ, ಮನುಷ್ಯರೋ, ದನಿಯೋ, ವಾದವೋ ಅಂತ ನಿಮಗೆ ಅಂದಾಜು ಸಿಗುತ್ತದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಡೈನೋಸಾರ್ ಪುಸ್ತಕವನ್ನೇ ಹತ್ತು ಸಲ ಓದುವ ಮಗುವಿಗೆ "ಅದು ಸಾಕು, ಈಗ ಕತೆ ಓದು" ಅನ್ನುವವರೂ ಇದ್ದಾರೆ, ಕತೆಯಲ್ಲೇ ಮುಳುಗಿದ ಮಗುವಿಗೆ "ಏನಾದರೂ ಉಪಯೋಗಕ್ಕೆ ಬರುವಂಥದ್ದು ಓದು" ಅನ್ನುವವರೂ ಇದ್ದಾರೆ. ಎರಡೂ ಮಾತನ್ನು ದಯವಿಟ್ಟು ಆಡಬೇಡಿ. ಮಗು ಓದುತ್ತಿರುವ ಪುಸ್ತಕವನ್ನು ಕಿತ್ತುಕೊಳ್ಳದೆ, ಅದೇ ವಿಷಯದ ಇನ್ನೊಂದು ಥರದ ಪುಸ್ತಕ ತಂದು ಪಕ್ಕದಲ್ಲಿ ಇಡಿ. ಡೈನೋಸಾರ್ ಮಾಹಿತಿ ಪುಸ್ತಕದ ಪಕ್ಕ ಡೈನೋಸಾರ್ ಬರುವ ಒಂದು ಕತೆ. ಓದು ಅಂತ ಹೇಳಬೇಡಿ. ಬೇಕು ಅನ್ನಿಸಿದ ದಿನ ಅದೇ ತೆಗೆದುಕೊಳ್ಳುತ್ತದೆ, ಬೇಡವಾದರೆ ಒಂದು ತಿಂಗಳು ಬಿಟ್ಟು ಬೇರೆ ಪುಸ್ತಕ ತಂದಿಡಿ.